ಉಡಿದಾರದ ಲೆಕ್ಕ

ನಮ್ಮ ಮನೆಯಲ್ಲಿ ಉಡಿದಾರ ಬದಲಿಸುವುದು ಅಜ್ಜಿಯ ಕೆಲಸವಾಗಿತ್ತು. ಯುಗಾದಿಯ ಎಣ್ಣೆಸ್ನಾನಕ್ಕೆ ಮುಂಚೆ ಹುಡುಗರನ್ನೆಲ್ಲ ಹಿತ್ತಲಲ್ಲಿ ಸಾಲಾಗಿ ನಿಲ್ಲಿಸಿ, ಹಳೆಯ ದಾರ ಕತ್ತರಿಸಿ, ಹೊಸ ಕರಿದಾರ ಸುತ್ತಿ ಗಂಟು ಹಾಕುತ್ತಿದ್ದಳು. ಗಂಟು ಬಿಗಿಯುವ ಮುಂಚೆ ದಾರಕ್ಕೂ ಹೊಟ್ಟೆಗೂ ನಡುವೆ ಎರಡು ಬೆರಳು ತೂರಿಸಿ ನೋಡುವುದು ಅವಳ ಪದ್ಧತಿ. ಹಳೆಯ ದಾರ ಜಾರುವಂತಿದ್ದರೆ ‘ಕೂಸು ಸೊರಗಿದೆ’ ಎಂದು ಪೇಚಾಡುತ್ತಿದ್ದಳು, ಬಿಗಿಯಾಗಿದ್ದರೆ ‘ಮೈಕೈ ತುಂಬಿಕೊಂಡಿದೆ’ ಎಂದು ಹಿಗ್ಗುತ್ತಿದ್ದಳು. ಮನೆಯಲ್ಲಿ ತೂಕದ ಯಂತ್ರ ಇರಲಿಲ್ಲ. ನಮ್ಮ ಆರೋಗ್ಯದ ಲೆಕ್ಕವೆಲ್ಲ ಆ ಎರಡು ಬೆರಳಲ್ಲೇ ನಡೆಯುತ್ತಿತ್ತು.

ನಾನು ಈಗಲೂ ಉಡಿದಾರ ಬಿಟ್ಟಿಲ್ಲ. 46ನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಸ್ನಾನಕ್ಕೆ ನಿಂತಾಗ ಹೊಕ್ಕುಳ ಕೆಳಗೆ ದಾರ ಕೂತ ಜಾಗದಲ್ಲಿ ಕೆಂಪು ಗೆರೆ ಎದ್ದಿರುವುದು ಕಂಡಿತು. ಬೆರಳು ತೂರಿಸಿದರೆ ಉಗುರಿನಷ್ಟೂ ಒಳಗೆ ಹೋಗಲಿಲ್ಲ. ಅದೇ ವಾರ ಮಾಡಿಸಿದ್ದ ತಪಾಸಣೆಯ ವರದಿಯಲ್ಲಿ ಎತ್ತರ 170 ಸೆಂ.ಮೀ., ತೂಕ 71 ಕಿಲೋ, ಎದುರಿಗೆ ‘ನಾರ್ಮಲ್’ ಎಂದಿತ್ತು. ಸೊಂಟದ ಸುತ್ತಳತೆಗೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ಹೊಲಿಗೆಯ ಟೇಪು ತಂದು ಅಳೆದೆ, 96 ಸೆಂ.ಮೀ. ಬಂತು. ತಕ್ಕಡಿ ಒಂದು ಹೇಳುತ್ತಿತ್ತು, ದಾರ ಇನ್ನೊಂದು ಹೇಳುತ್ತಿತ್ತು. ಹೊಟ್ಟೆ ಇಳಿಸಲೆಂದು ಆಗ ಸೈಕಲ್ ಹತ್ತಿದೆ. ಇಷ್ಟು ವರ್ಷ ಅದನ್ನು ತುಳಿದು, ಅದರ ಬಗ್ಗೆ ಓದಿದ ಮೇಲೆ ನಾನು ದಾರದ ಮಾತನ್ನೇ ನಂಬುತ್ತೇನೆ. ನಡುವಯಸ್ಸಿನಲ್ಲಿ ಸೈಕಲ್ ಹತ್ತಿದವರು ತಿಂಗಳೊಪ್ಪತ್ತಿನಲ್ಲಿ ಬಿಟ್ಟುಬಿಡುವುದಕ್ಕೆ ದೊಡ್ಡ ಕಾರಣವೇ ಅವರು ತಪ್ಪು ಜಾಗದಲ್ಲಿ ಲಾಭ ಹುಡುಕುವುದು.

ಸೊಂಟದ ಅಳತೆಗೆ ಬೆಲೆ ಬಂದ ಒಂದು ಹಳೆಯ ಕಥೆ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳದು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಿತ್ತು. ಕಾರಣ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯರು ಒಂದೇ ಬಸ್ಸಿನಲ್ಲಿ, ಒಂದೇ ಹೊಗೆ ಕುಡಿದು, ಒಂದೇ ಪಾಳಿಯಲ್ಲಿ ದುಡಿಯುವ ಇಬ್ಬರನ್ನು ಹೋಲಿಸಿದರು. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ಮೇಲಂತಸ್ತಿಗೆ ಹತ್ತಿ ಇಳಿಯುತ್ತಾನೆ, ದಿನಕ್ಕೆ ಏನಿಲ್ಲವೆಂದರೂ 500 ಮೆಟ್ಟಿಲು. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧದ ಪ್ರಕಾರ ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದ್ರೋಗ ಸ್ಪಷ್ಟವಾಗಿ ಕಡಿಮೆ ಇತ್ತು. ಬಂದರೂ ತಡವಾಗಿ ಬರುತ್ತಿತ್ತು, ಅಷ್ಟು ಉಗ್ರವಾಗಿರುತ್ತಿರಲಿಲ್ಲ.

ಮಾರಿಸ್ ಅಷ್ಟಕ್ಕೇ ಸುಮ್ಮನಾಗದೆ ತಮ್ಮ ಮಾತನ್ನು ತಾವೇ ಅನುಮಾನಿಸಿದರು. ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸವನ್ನೇ ಆರಿಸಿಕೊಂಡಿದ್ದರೆ? ಅದನ್ನು ಪರೀಕ್ಷಿಸಲು ಅವರಿಗೆ ಸಿಕ್ಕ ದಾಖಲೆ ಸಮವಸ್ತ್ರದ ಪುಸ್ತಕ. ನೌಕರರಿಗೆ ಕೊಟ್ಟ ಪ್ಯಾಂಟುಗಳ ಸೊಂಟದ ಅಳತೆ ಅದರಲ್ಲಿ ಬರೆದಿಟ್ಟಿತ್ತು. 1956ರಲ್ಲಿ ಪ್ರಕಟವಾದ ಆ ಲೆಕ್ಕ ಅವರ ಅನುಮಾನವನ್ನು ಗಟ್ಟಿ ಮಾಡಿತು. ಎಳೆಯ ವಯಸ್ಸಿನಲ್ಲೇ ಡ್ರೈವರುಗಳ ಪ್ಯಾಂಟು ಅಗಲವಾಗಿತ್ತು. ಆದರೆ ಮುಂದಿನ ವರ್ಷಗಳಲ್ಲಿ ಒಂದೇ ಅಳತೆಯ ಪ್ಯಾಂಟಿನವರನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೂ ಕಂಡಕ್ಟರೇ ಗೆದ್ದ. ತೆಳ್ಳಗಿರಲಿ, ಹೊಟ್ಟೆ ಬಂದಿರಲಿ, ಓಡಾಡುವವನಿಗೆ ಹೃದಯ ಕೈಕೊಡುವುದು ಕಡಿಮೆ. ಸೊಂಟ ಮುಖ್ಯ, ಆದರೆ ಸೊಂಟ ಇಳಿಯುವ ಮುಂಚೆಯೇ ಚಲನೆ ತನ್ನ ಕೆಲಸ ಶುರು ಮಾಡಿರುತ್ತದೆ. ಮಾರಿಸ್ 99 ವರ್ಷ ಬದುಕಿದರು.

ಇನ್ನು ನಮ್ಮ ಮೈಯ ವಿಷಯ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ಬಿಎಂಐ ಎನ್ನುತ್ತಾರೆ. ಆ ಅಂಕಿ ಭಾರತೀಯರ ವಿಷಯದಲ್ಲಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದನ್ನು ಇಬ್ಬರು ವೈದ್ಯರು ತಮ್ಮ ಮೈಯನ್ನೇ ಒಡ್ಡಿ ತೋರಿಸಿದರು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. 2004ರ ‘ಲ್ಯಾನ್ಸೆಟ್’ನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತ ಫೋಟೋ ಇದೆ. ಇಬ್ಬರ ಬಿಎಂಐ 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಒಂದೇ ಬಿಎಂಐಯ ಎರಡು ಮೈ, ಒಂದರಲ್ಲಿ ಇನ್ನೊಂದಕ್ಕಿಂತ ಎರಡು ಪಟ್ಟು ಕೊಬ್ಬು. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ ಕೊಬ್ಬು ಸೇರುವುದು ಹೆಚ್ಚು. ಹೀಗಾಗಿಯೇ ನಮಗೆ ಬಿಎಂಐ 23ಕ್ಕೇ ಎಚ್ಚರಿಕೆಯ ಗಂಟೆ, ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ನನ್ನ ಬಿಎಂಐ ಆಗ 24.6 ಇತ್ತು.

ಹೊಟ್ಟೆಯೊಳಗೆ ಎಂದಾಗ ಕೈಯಿಂದ ಹಿಡಿಯಲು ಸಿಗುವ ಮಡಿಕೆಯನ್ನು ನಾನು ಹೇಳುತ್ತಿಲ್ಲ. ಆ ಚರ್ಮದಡಿಯ ಕೊಬ್ಬು ಹೆಚ್ಚು ಉಪದ್ರವ ಕೊಡುವುದಿಲ್ಲ. ಸ್ನಾಯುಗೋಡೆಯ ಆಚೆ, ಕರುಳಿನ ಸುತ್ತ, ಯಕೃತ್ತಿನ ಆಸುಪಾಸಿನಲ್ಲಿ ಕೂತಿರುವ ಕೊಬ್ಬು ಬೇರೆ ಜಾತಿಯದು. ಅದರಿಂದ ಹೊರಟ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತಿಗೆ ಇಳಿಯುತ್ತವೆ. ಯಕೃತ್ತು ಇನ್ಸುಲಿನ್ ಮಾತಿಗೆ ಕಿವಿಗೊಡುವುದನ್ನು ಕಡಿಮೆ ಮಾಡುತ್ತದೆ, ಸಕ್ಕರೆ ಏರುತ್ತದೆ, ಅದರ ಹಿಂದೆಯೇ ಬಿಪಿ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಇಳಿಯುತ್ತಿದ್ದಂತೆ, ಅದುವರೆಗೆ ತೊಡೆ ಮತ್ತು ಪೃಷ್ಠದಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯ ದಾರಿ ಹಿಡಿಯುತ್ತದೆ. ಊಟ ಬದಲಾಗದಿದ್ದರೂ ಸೀರೆಯ ನೆರಿಗೆ ಒಂದು ಕಡಿಮೆಯಾಯಿತೆಂದು ಅವರು ಹೇಳುವುದು ಸುಳ್ಳಲ್ಲ.

‘ವಯಸ್ಸಾಯ್ತು, ಮೈಯ ಒಲೆ ತಣ್ಣಗಾಯ್ತು, ಅದಕ್ಕೇ ದಪ್ಪ ಆಗ್ತೀವಿ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಇದು ನಿಜವಲ್ಲ ಎಂದು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿತು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಶಕ್ತಿವ್ಯಯದ ಅಳತೆಗಳನ್ನು ಒಟ್ಟುಮಾಡಿದ್ದರು. ಎಂಟು ದಿನದ ಹಸುಗೂಸಿನಿಂದ 95 ವರ್ಷದವರ ತನಕ ಅದರಲ್ಲಿದ್ದರು. ಮೈಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರವರೆಗೆ ಒಲೆ ಒಂದೇ ಸಮನೆ ಉರಿಯುತ್ತದೆ, ಇಳಿಮುಖ ಶುರುವಾಗುವುದು 60ರ ಮೇಲೆ. ಈ ಅಂಕಿ ನೋಡಿದಾಗ ನನಗೆ ಸಮಾಧಾನವಾಯಿತು. ನಡುವಯಸ್ಸು ಎಂಬುದು ದೇಹ ನಮಗೆ ಮಾಡಿದ ಮೋಸವಲ್ಲ. ಕುರ್ಚಿಯ ಮೇಲಿನ ಗಂಟೆಗಳು ಹೆಚ್ಚಾಗಿವೆ, ತಟ್ಟೆ ಅಷ್ಟೇ ಇದೆ, ಬಳಸದ ಸ್ನಾಯು ವರ್ಷದಿಂದ ವರ್ಷಕ್ಕೆ ಸವೆದಿದೆ. ಇವು ಮೂರನ್ನೂ ಹಿಂದಕ್ಕೆ ತಿರುಗಿಸಬಹುದು.

ಹಾಗಾದರೆ ಸೈಕಲ್ ಏನು ಮಾಡುತ್ತದೆ?

ಮೊದಲಿಗೇ ಒಂದು ಕಹಿ ಸತ್ಯ ಹೇಳಬೇಕು. ಸೈಕಲ್ ಹುಟ್ಟಿದ್ದೇ ಶಕ್ತಿ ಉಳಿಸಲು. 1973ರಲ್ಲಿ ಎಸ್. ಎಸ್. ವಿಲ್ಸನ್ ಎಂಬ ಎಂಜಿನಿಯರ್ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಪ್ರಾಣಿ ಮತ್ತು ಯಂತ್ರಗಳ ಪ್ರಯಾಣದ ಖರ್ಚನ್ನು ಹೋಲಿಸಿದಾಗ ಎಲ್ಲರಿಗಿಂತ ಮಿತವ್ಯಯಿಯಾಗಿ ಕಂಡದ್ದು ಸೈಕಲ್ ಮೇಲಿನ ಮನುಷ್ಯ. ನಡೆದು ಹೋಗುವವನ ಖರ್ಚಿನ ಸುಮಾರು ಐದನೇ ಒಂದು ಭಾಗದಲ್ಲಿ ಅವನು ಅಷ್ಟೇ ದೂರ ಹೋಗುತ್ತಾನೆ. ಇಂಥ ಜಿಪುಣ ಯಂತ್ರದ ಮೇಲೆ ಕೂತು ತೂಕ ಇಳಿಸಲು ಹೊರಡುವವರು ಲೆಕ್ಕವನ್ನು ಮೊದಲೇ ತಿಳಿದಿರಬೇಕು.

ನನ್ನಂಥ ಮೈಯವರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗಲು ಪೆಡಲಿಗೆ ಸುಮಾರು 75 ವಾಟ್ ಕೊಡಬೇಕು. ಸ್ನಾಯು ತಾನು ಸುಟ್ಟಿದ್ದರಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಪೆಡಲಿಗೆ ಮುಟ್ಟಿಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗೆ ನೋಡಿದರೆ ಒಂದು ಗಂಟೆಗೆ 280 ಕ್ಯಾಲರಿ ಆಸುಪಾಸು. ಸುಮ್ಮನೆ ಕೂತಿದ್ದರೂ ಆ ಗಂಟೆಯಲ್ಲಿ 70 ಖರ್ಚಾಗುತ್ತಿತ್ತು. ನಿಜವಾದ ಗಳಿಕೆ 210. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿದೆ. ಅಂದರೆ ಒಂದು ಕಿಲೋ ಕರಗಲು 36 ಗಂಟೆಗೂ ಹೆಚ್ಚು, ಸುಮಾರು 650 ಕಿ.ಮೀ. ಮೈಸೂರಿನಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದು, ಮತ್ತೆ ಮದ್ದೂರು ಮುಟ್ಟುವಷ್ಟು ದೂರ. ಆ ಮದ್ದೂರಿನಲ್ಲಿ ಇಳಿದು ವಡೆ ತಿಂದರೆ ಲೆಕ್ಕ ಮತ್ತೆ ಹಿಂದೆ ಸರಿಯುತ್ತದೆ. ಒಂದು ದೊಡ್ಡ ಚಮಚ ಅಡುಗೆ ಎಣ್ಣೆ ಎಂದರೇ 120 ಕ್ಯಾಲರಿ, ನಮ್ಮ ಅರ್ಧ ಗಂಟೆಗೂ ಮೀರಿದ ಪೆಡಲು.

ಬೆವರಿನ ಬಗ್ಗೆಯೂ ಒಂದು ಮಾತು. ಪ್ಲಾಸ್ಟಿಕ್ ಜಾಕೆಟ್ ತೊಟ್ಟು, ತೊಪ್ಪೆಯಾಗಿ ಬೆವರಿ, ಮನೆಗೆ ಬಂದವರೇ ತಕ್ಕಡಿ ಹತ್ತುವವರನ್ನು ನೋಡಿದ್ದೇನೆ. ಇಳಿದದ್ದು ನೀರು, ಎರಡು ಲೋಟ ಕುಡಿದರೆ ವಾಪಸ್ ಬರುತ್ತದೆ. ಕೊಬ್ಬು ಮೈಬಿಟ್ಟು ಹೋಗುವ ಬಾಗಿಲು ಶ್ವಾಸಕೋಶ. 10 ಕಿಲೋ ಕೊಬ್ಬು ಪೂರ್ತಿ ಸುಟ್ಟರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೋಗುತ್ತದೆ, ಮಿಕ್ಕ 1.6 ಕಿಲೋ ನೀರಾಗುತ್ತದೆ ಎಂದು ಆಸ್ಟ್ರೇಲಿಯಾದ ರುಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬೆಳಗಿನ ಚಳಿಯಲ್ಲಿ ಬಾಯಿಂದ ಹೊಗೆಯಂತೆ ಹೊರಡುವ ಉಸಿರನ್ನು ನೋಡಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಮೂರು ತಿಂಗಳು, ವಾರಕ್ಕೆ ನಾಲ್ಕು ದಿನ ತುಳಿದ ಮೇಲೆ ನನ್ನ ತೂಕ 71ರಿಂದ 70ಕ್ಕೆ ಬಂದಿತ್ತು. ಒಂದೇ ಕಿಲೋ. ಆದರೆ ಉಡಿದಾರಕ್ಕೆ ಎರಡೂ ಬೆರಳು ಆರಾಮಾಗಿ ತೂರುತ್ತಿದ್ದವು, ಟೇಪು 92 ತೋರಿಸಿತು. ಮೊದಲು ಟೇಪನ್ನೇ ಸಂಶಯಿಸಿದೆ. ಆಮೇಲೆ ಓದುತ್ತ ಹೋದಂತೆ ಇದು ನನ್ನೊಬ್ಬನ ಮೈಯ ವಿಚಿತ್ರವಲ್ಲ ಎಂದು ತಿಳಿಯಿತು. ವ್ಯಾಯಾಮ ಮಾಡಿದಾಗ ತೂಕ ಹೆಚ್ಚು ಕದಲದಿದ್ದರೂ ಹೊಟ್ಟೆಯೊಳಗಿನ ಕೊಬ್ಬು ಕರಗುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅತ್ತ ತೊಡೆಯ ಸ್ನಾಯು, ರಕ್ತದ ದ್ರವ ಹೆಚ್ಚಿರುತ್ತವೆ, ತಕ್ಕಡಿ ಎರಡನ್ನೂ ಕೂಡಿಸಿ ಒಂದೇ ಅಂಕಿ ಹೇಳುತ್ತದೆ.

ದೇಹ ಎಲ್ಲ ಬಿಟ್ಟು ಆ ಕೊಬ್ಬಿಗೇ ಏಕೆ ಕೈ ಹಾಕುತ್ತದೆ? ಇದಕ್ಕೆ ಉತ್ತರ ಹುಡುಕಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಅದು ನಡೆದದ್ದು ಸೈಕಲ್ಲಿನ ಊರಾದ ಕೋಪನ್‌ಹೇಗನ್ನಿನಲ್ಲಿ, ನಡೆಸಿದ್ದು ಸೈಕಲ್ ಮೇಲೆಯೇ. ಅಲ್ಲಿನ ವಿಜ್ಞಾನಿ ಬೆಂಟೆ ಪೆಡರ್ಸನ್ ಬಹಳ ವರ್ಷಗಳಿಂದ ಒಂದು ಮಾತು ಹೇಳುತ್ತ ಬಂದಿದ್ದರು. ಸ್ನಾಯು ಬರೀ ಎಳೆಯುವ ಹಗ್ಗವಲ್ಲ, ದುಡಿಯುವಾಗ ಅದು ರಕ್ತಕ್ಕೆ ಸಂದೇಶವಾಹಕ ಪ್ರೋಟೀನುಗಳನ್ನು ಬಿಡುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಇಂಟರ್‌ಲ್ಯೂಕಿನ್-6. ಈ ಸಂದೇಶವನ್ನು ತಡೆಯುವ ಟೋಸಿಲಿಜುಮ್ಯಾಬ್ ಎಂಬ ಔಷಧವನ್ನು ಸಂಧಿವಾತಕ್ಕೆ ಮೊದಲಿನಿಂದಲೂ ಬಳಸುತ್ತಾರೆ. ಅವರ ತಂಡ ಹೊಟ್ಟೆ ಬಂದ 53 ಮಂದಿಯನ್ನು ಸೇರಿಸಿ ಗುಂಪು ಮಾಡಿತು. ಕೆಲವರು 12 ವಾರ, ವಾರದಲ್ಲಿ ಹಲವು ಸಲ 45 ನಿಮಿಷದಂತೆ ಸೈಕಲ್ ತುಳಿಯಬೇಕು, ಕೆಲವರು ಸುಮ್ಮನಿರಬೇಕು. ಎರಡೂ ಕಡೆ ಅರ್ಧ ಜನಕ್ಕೆ ಆ ಔಷಧ, ಅರ್ಧ ಜನಕ್ಕೆ ಉಪ್ಪುನೀರು. 2019ರಲ್ಲಿ ಫಲಿತಾಂಶ ಬಂತು. ಉಪ್ಪುನೀರು ಪಡೆದು ತುಳಿದವರ ಹೊಟ್ಟೆಯೊಳಗಿನ ಕೊಬ್ಬು ಸುಮಾರು ಶೇ. 8ರಷ್ಟು, ಅಂದರೆ 225 ಗ್ರಾಂ ಕರಗಿತ್ತು. ಔಷಧ ಪಡೆದು ಅಷ್ಟೇ ತುಳಿದವರಲ್ಲಿ ಕರಗಲೇ ಇಲ್ಲ.

225 ಗ್ರಾಂ ಎಂದರೆ ಒಂದು ಪಾವಿನಷ್ಟು ಅಕ್ಕಿಯ ತೂಕ. ತಕ್ಕಡಿಗೆ ಅದು ಲೆಕ್ಕಕ್ಕೇ ಬಾರದು, ಯಕೃತ್ತಿಗೆ ದೊಡ್ಡ ಬಿಡುಗಡೆ. ತೊಡೆ ಕೂಗಿ ಹೇಳುತ್ತದೆ, ಹೊಟ್ಟೆ ಕೇಳಿಸಿಕೊಂಡು ಉಗ್ರಾಣದ ಬಾಗಿಲು ತೆಗೆಯುತ್ತದೆ. ಈ ಸಂಭಾಷಣೆ ಕ್ಯಾಲರಿಯ ಕೂಡು-ಕಳೆಯುವಿಕೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ಕೆಲಸ ತೊಡೆಯ ಒಳಗೇ ನಡೆಯುತ್ತದೆ. ಊಟದ ನಂತರ ರಕ್ತದ ಗ್ಲೂಕೋಸನ್ನು ಸ್ನಾಯುವಿನೊಳಗೆ ಬಿಡಲು ಇನ್ಸುಲಿನ್ ಬಾಗಿಲು ತಟ್ಟಬೇಕು. ಆಗ ಗ್ಲುಟ್-4 ಎಂಬ ಸಾಗಣೆಯ ಪ್ರೋಟೀನುಗಳು ಜೀವಕೋಶದ ಒಳಗಿನಿಂದ ಮೇಲ್ಮೈಗೆ ಬಂದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರ ಸ್ನಾಯು ಈ ತಟ್ಟುವಿಕೆಗೆ ಕಿವುಡಾಗಿರುತ್ತದೆ. ಆದರೆ ಸ್ನಾಯು ಕುಗ್ಗಿ ಹಿಗ್ಗುತ್ತಿರುವಾಗ ಅದೇ ಪ್ರೋಟೀನುಗಳು ಇನ್ಸುಲಿನ್ನಿಗೆ ಕಾಯದೆ ತಾವಾಗಿ ಮೇಲೆ ಬರುತ್ತವೆ. ಮುಂಬಾಗಿಲು ಜಾಮಾದರೆ ಹಿತ್ತಿಲ ಬಾಗಿಲು ತೆರೆದಂತೆ. ಮೈಯಲ್ಲಿ ಇರುವ ಅತಿ ದೊಡ್ಡ ಸ್ನಾಯುಗಳು ತೊಡೆ ಮತ್ತು ಪೃಷ್ಠದವು, ಸೈಕಲ್ ದುಡಿಸುವುದೂ ಅವನ್ನೇ. ಒಂದು ಸವಾರಿಯ ಪರಿಣಾಮ ಒಂದೆರಡು ದಿನ ಉಳಿಯುತ್ತದೆ. ಭಾನುವಾರ ಒಂದೇ ದಿನ 60 ಕಿ.ಮೀ. ಹೊಡೆದು ವಾರವಿಡೀ ಕೂರುವುದಕ್ಕಿಂತ ದಿನ ಬಿಟ್ಟು ದಿನ 15 ಕಿ.ಮೀ. ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ತಿಂಗಳುಗಳು ಕಳೆದಂತೆ ಜೀವಕೋಶದ ಒಲೆಗಳೇ ಹೆಚ್ಚಾಗುತ್ತವೆ. ಮೈಟೋಕಾಂಡ್ರಿಯಾ ಎಂಬ ಈ ಒಲೆಗಳು ಅಭ್ಯಾಸದಿಂದ ಬೆಳೆಯುತ್ತವೆ ಎಂಬುದನ್ನು 1967ರಲ್ಲಿ ಜಾನ್ ಹೊಲೋಜಿ ಇಲಿಗಳನ್ನು ಓಡಿಸಿ ಕಂಡುಕೊಂಡರು. ಓಡಿದ ಇಲಿಗಳ ಸ್ನಾಯುವಿನಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಇಮ್ಮಡಿಯಾಗಿತ್ತು. ಒಲೆ ಹೆಚ್ಚಿದ್ದರೆ ಅದೇ ವೇಗಕ್ಕೆ ಸಕ್ಕರೆಯ ಬದಲು ಕೊಬ್ಬನ್ನು ಸುಡಲು ಆಗುತ್ತದೆ.

ಇದಕ್ಕೆ ಬೇಕಾದ ವೇಗ ಎಷ್ಟು? ಎದೆಬಡಿತದ ಸೂತ್ರಗಳಿವೆ, ಕೈಗಡಿಯಾರಗಳಿವೆ. ನಡುವಯಸ್ಸಿನ ಹೊಸಬರಿಗೆ ನಾನು ಹೇಳುವುದು ಮಾತಿನ ಪರೀಕ್ಷೆ. ಪಕ್ಕದ ಸವಾರನ ಜೊತೆ ಪೂರ್ತಿ ವಾಕ್ಯ ಆಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಈ ಉಸಿರಿನಲ್ಲಿ ಕೊಬ್ಬು ಚೆನ್ನಾಗಿ ಉರಿಯುತ್ತದೆ, ಮರುದಿನವೂ ಕಾಲು ಬಾ ಎನ್ನುತ್ತದೆ. ಜೋರಾಗಿ ಹೋಗುವ ಆಸೆ ಇದ್ದರೆ ಗಾಳಿಯ ನಿಯಮ ಗೊತ್ತಿರಲಿ. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 18ರಿಂದ 25 ಕಿ.ಮೀ.ಗೆ ಹೋಗಬೇಕಾದರೆ 75 ವಾಟ್ ಹೋಗಿ 165 ಆಗುತ್ತದೆ. ಮೂರು ವರ್ಷ ಅಭ್ಯಾಸ ಮಾಡಿದವರ ಹಿಂದೆ ಮೊದಲ ವಾರವೇ ಬಿದ್ದವರು ಸೋತು ಬಿಡುವುದು ಇಲ್ಲಿ. ಏದುಸಿರಿನ ಕೆಲಸವೂ ಬೇಕು, ಆದರೆ ವಾರಕ್ಕೆ ಒಂದೋ ಎರಡೋ ಸಲ, ಒಂದೆರಡು ತಿಂಗಳ ತಳಪಾಯದ ಮೇಲೆ. ಮೈಸೂರಿನವರಿಗೆ ಅದಕ್ಕೆ ಚಾಮುಂಡಿ ಬೆಟ್ಟವೇ ಇದೆ. ಊರಿನ ಮಟ್ಟದಿಂದ ಸುಮಾರು 300 ಮೀಟರ್ ಏರಬೇಕು. ಅಷ್ಟು ಏರಲು ಗುರುತ್ವ ಕೇಳುವ ಸುಂಕವೇ ಸಮತಟ್ಟಿನ ಒಂದು ಗಂಟೆಯ ಸವಾರಿಗೆ ಸಮ.

ಮಂಡಿ ನೋವಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ನಡುವಯಸ್ಸಿನವರ ಸೈಕಲ್ಲುಗಳು ಮೂಲೆ ಸೇರುವುದಕ್ಕೆ ಇದೂ ಒಂದು ಕಾರಣ. ನಾನು ಸೈಕಲ್ ಕೊಂಡ ಅಂಗಡಿಯಲ್ಲಿ ಸೀಟಿನ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿಸಿ ಕೊಟ್ಟಿದ್ದರು. ನೋಡಲು ಕ್ಷೇಮ ಅನಿಸಿತು. ಆರನೇ ವಾರಕ್ಕೆ ಮಂಡಿಚಿಪ್ಪಿನ ಹಿಂದೆ ಸೂಜಿ ಚುಚ್ಚಿದಂತೆ ನೋವು ಶುರುವಾಯಿತು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ವಯಸ್ಸಿನ ಮೇಲೆ ಗೂಬೆ ಕೂರಿಸಿ ಸೈಕಲ್ ಮಾರುವ ಯೋಚನೆಯಲ್ಲಿದ್ದೆ. ಚೈನಿಗೆ ಎಣ್ಣೆ ಬಿಡಿಸಲು ನಮ್ಮ ರಸ್ತೆಯ ಹೊಂಗೆಮರದ ಕೆಳಗಿನ ಪಂಕ್ಚರ್ ಅಂಗಡಿಗೆ ಹೋದಾಗ, ಅರವತ್ತು ದಾಟಿದ ಮೆಕ್ಯಾನಿಕ್ಕು ನಾನು ಬರುವುದನ್ನೇ ನೋಡುತ್ತಿದ್ದವರು ಕೇಳಿದರು.

‘ಮಂಡಿ ನೋಯ್ತದಾ ಸಾರ್?’

‘ನಿಮಗೆ ಹೇಗೆ ಗೊತ್ತಾಯ್ತು ಯಜಮಾನ್ರೇ?’

‘ಮಂಡಿ ಎದೆಗೆ ಬಡೀತಾ ಇದ್ಯಲ್ಲ. ಮಕ್ಕಳ ಸೈಕಲ್ ಹೊಡೆದಂಗೆ ಹೊಡೀತಿದೀರಿ.’

ಸೀಟಿನ ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಸಡಿಲಿಸಿದರು, ಕೊಳವೆಯ ತುಕ್ಕನ್ನು ಬಟ್ಟೆಯಲ್ಲಿ ಒರೆಸಿದರು, ಗ್ರೀಸ್ ಸವರಿದರು. ನನ್ನನ್ನು ಗೋಡೆಗೆ ಕೈಕೊಟ್ಟು ಕೂರಲು ಹೇಳಿ, ಪೆಡಲನ್ನು ಅತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿಸಿದರು. ಕಾಲು ನೆಟ್ಟಗಾಗುವವರೆಗೆ ಸೀಟು ಏರಿಸುತ್ತ ಹೋದರು. ಐದು ಬೆರಳಿನಷ್ಟು ಏರಿತು. ‘ಈಗ ಪಾದದ ಮುಂಭಾಗದಲ್ಲಿ ತುಳೀರಿ, ಮಂಡಿ ಚೂರು ಬಗ್ಗಿರ್ತದೆ, ಅಷ್ಟೇ ಬೇಕಾದ್ದು. ನಿಲ್ಲಿಸುವಾಗ ಸೀಟಿಂದ ಮುಂದಕ್ಕೆ ಇಳೀರಿ.’

ಎಲುಬು-ಕೀಲಿನ ಪುಸ್ತಕಗಳು ಹೇಳುವುದೂ ಇದನ್ನೇ. ಪೆಡಲ್ ಅತಿ ಕೆಳಗಿರುವಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು. ಸೀಟು ತಗ್ಗಿದ್ದರೆ ಮಂಡಿ ಬಹಳ ಮಡಚಿದ ಸ್ಥಿತಿಯಲ್ಲೇ ಭಾರ ತಳ್ಳಬೇಕಾಗುತ್ತದೆ, ತೊಡೆಯ ಸ್ನಾಯು ಮಂಡಿಚಿಪ್ಪನ್ನು ಮೂಳೆಗೆ ಅದುಮುತ್ತದೆ. ಭಾರದ ಗೇರಿನಲ್ಲಿ ನಿಧಾನವಾಗಿ ತುಳಿಯುವುದೂ ಅಷ್ಟೇ ಕೆಟ್ಟದ್ದು. ಹಗುರ ಗೇರಿನಲ್ಲಿ ನಿಮಿಷಕ್ಕೆ 80 ಸುತ್ತಿನ ಹತ್ತಿರ ಕಾಲು ತಿರುಗಿದರೆ ಪ್ರತಿ ಸುತ್ತಿನಲ್ಲಿ ಮಂಡಿಗೆ ಬೀಳುವ ಹೊರೆ ಕಡಿಮೆ. ಮೂರು ವಾರದಲ್ಲಿ ನನ್ನ ನೋವು ಹೋಯಿತು. ಓಟದಲ್ಲಿ ಪ್ರತಿ ಹೆಜ್ಜೆಗೂ ಮೈಭಾರದ ಎರಡು-ಮೂರು ಪಟ್ಟು ಕೀಲಿನ ಮೇಲೆ ಬೀಳುತ್ತದೆ, ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುತ್ತದೆ. ಯಂತ್ರ ಜಿಪುಣವಾದರೂ ನಮ್ಮನ್ನು ಗಂಟೆಗಟ್ಟಲೆ, ವರ್ಷಗಟ್ಟಲೆ ದುಡಿಸಬಲ್ಲದು ಎಂಬ ಅದರ ಬಲ ಇಲ್ಲಿದೆ.

ಆ ಸೌಕರ್ಯಕ್ಕೆ ಒಂದು ಬೆಲೆಯೂ ಇದೆ. ಮೂಳೆ ಗಟ್ಟಿಯಾಗುವುದು ಭಾರ ಮತ್ತು ಪೆಟ್ಟು ತಿಂದಾಗ. ಬರೀ ಸೈಕಲ್ಲನ್ನೇ ನಂಬಿದವರ ಬೆನ್ನೆಲುಬಿನ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ, ಅದರಲ್ಲೂ ಮುಟ್ಟು ನಿಂತ ಹೆಂಗಸರು ಇದನ್ನು ಮರೆಯಬಾರದು. ಮೈಯ ಮೇಲ್ಭಾಗಕ್ಕೂ ಸೈಕಲ್ ಕೆಲಸ ಕೊಡುವುದಿಲ್ಲ. ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮದ ಜೊತೆಗೆ ಎರಡು ದಿನ ಸ್ನಾಯುಬಲದ ಕೆಲಸವೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸ್ಕಿ, ದಂಡ, ನೀರು ತುಂಬಿದ ಬಿಂದಿಗೆ ಎತ್ತಿಳಿಸುವುದು ಸಾಕು. ಊಟದಲ್ಲಿ ಮುದ್ದೆ ಒಂದು ಸಣ್ಣದಾಗಿ ಬಸ್ಸಾರಿನ ಕಾಳಿನ ಪಲ್ಯ ಹೆಚ್ಚಾಗಲಿ, ಸ್ನಾಯು ಕಟ್ಟಿಕೊಳ್ಳಲು ಪ್ರೋಟೀನ್ ಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಏರು ಹತ್ತುವಾಗ ಎದೆ ಹಿಡಿದಂತಾಗುವವರು ವೈದ್ಯರನ್ನು ಕಂಡೇ ಶುರು ಮಾಡಬೇಕು. ಈ ಮಾತಿನಲ್ಲಿ ಸಡಿಲಿಕೆ ಇಲ್ಲ.

ಬಿಡದೆ ತುಳಿದವರ ಮೈ ಎಲ್ಲಿಗೆ ತಲುಪುತ್ತದೆ ಎಂದು ನೋಡಲು ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 55ರಿಂದ 79 ವರ್ಷದ 125 ಹವ್ಯಾಸಿ ಸವಾರರನ್ನು ಪರೀಕ್ಷಿಸಿದರು. ಗಂಡಸರು 100 ಕಿ.ಮೀ.ಯನ್ನು ಆರೂವರೆ ಗಂಟೆಯೊಳಗೆ, ಹೆಂಗಸರು 60 ಕಿ.ಮೀ.ಯನ್ನು ಐದೂವರೆ ಗಂಟೆಯೊಳಗೆ ಮುಗಿಸಬಲ್ಲವರು. ಸ್ನಾಯುಬಲ ಕುಂದಿರಲಿಲ್ಲ, ವಯಸ್ಸಿನ ಜೊತೆ ಕೊಬ್ಬು ಏರಿರಲಿಲ್ಲ. 2018ರಲ್ಲಿ ಹೊರಬಂದ ಇನ್ನೊಂದು ಅಂಶ ಎಲ್ಲರನ್ನೂ ಬೆರಗುಗೊಳಿಸಿತು. ಎದೆಗೂಡಿನ ಥೈಮಸ್ ಗ್ರಂಥಿ ರೋಗನಿರೋಧಕ ಟಿ-ಕೋಶಗಳನ್ನು ತಯಾರಿಸುತ್ತದೆ, ಯೌವನದ ನಂತರ ಸೊರಗುತ್ತ ಹೋಗುತ್ತದೆ. ಈ ಸವಾರರಲ್ಲಿ ಹೊಸ ಟಿ-ಕೋಶಗಳು ತರುಣರಲ್ಲಿದ್ದಷ್ಟೇ ಇದ್ದವು. ಇವರು ಸಿಗರೇಟು ಸೇದದ, ಮೊದಲಿನಿಂದಲೂ ಆರೋಗ್ಯವಾಗಿದ್ದ ಜನ ಎಂಬುದನ್ನು ಮಾರಿಸ್ ಇದ್ದಿದ್ದರೆ ಖಂಡಿತ ನೆನಪಿಸುತ್ತಿದ್ದರು.

ತಡವಾಯಿತು ಎನ್ನುವವರಿಗೆ ನಾನು ರಾಬರ್ಟ್ ಮಾರ್ಶಾಂ ಅವರ ಹೆಸರು ಹೇಳುತ್ತೇನೆ. 1911ರಲ್ಲಿ ಹುಟ್ಟಿದ ಈ ಫ್ರೆಂಚ್ ಮನುಷ್ಯ ಅಗ್ನಿಶಾಮಕನಾಗಿ, ಲಾರಿ ಚಾಲಕನಾಗಿ, ಮರ ಕಡಿಯುವವನಾಗಿ ದುಡಿದು, ಮತ್ತೆ ಸೈಕಲ್ ಹಿಡಿದದ್ದು 67ರ ಹೊತ್ತಿಗೆ. 2012ರಲ್ಲಿ, ನೂರು ತುಂಬಿದಾಗ ಒಂದು ಗಂಟೆಯಲ್ಲಿ 24.25 ಕಿ.ಮೀ. ತುಳಿದರು. ಆಮೇಲೆ ವೆರೋನಿಕ್ ಬಿಯಾ ಎಂಬ ವಿಜ್ಞಾನಿಯ ಸಲಹೆಯಂತೆ ಎರಡು ವರ್ಷ ಅಭ್ಯಾಸ ಮಾಡಿದರು. ಸವಾರಿಯಲ್ಲಿ ಶೇ. 80 ಭಾಗ ಹಗುರ, ಶೇ. 20 ಭಾಗ ಬಿರುಸು. ಗರಿಷ್ಠ ಆಮ್ಲಜನಕ ಬಳಕೆ ಕಿಲೋ ಮೈತೂಕಕ್ಕೆ ನಿಮಿಷಕ್ಕೆ 31 ಮಿ.ಲೀ. ಇದ್ದದ್ದು 35ಕ್ಕೆ ಏರಿತು. 2014ರಲ್ಲಿ ಅದೇ ಒಂದು ಗಂಟೆಯಲ್ಲಿ 26.927 ಕಿ.ಮೀ. ಹೋದರು. ಇಳಿಯಬೇಕಾದ ವಯಸ್ಸಿನಲ್ಲಿ ಏರಿದ ಈ ಅಂಕಿ ನನ್ನ ಮೇಜಿನ ಮೇಲೆ ಬರೆದು ಅಂಟಿಸಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ 51 ವರ್ಷದ ಅಕ್ಕನೊಬ್ಬರು ಸಕ್ಕರೆ ಹೊಸ್ತಿಲಲ್ಲಿದೆ ಎಂದು ತಿಳಿದು ಸೈಕಲ್ ಕಲಿಯಲು ಮನಸ್ಸು ಮಾಡಿದರು. ಹುಡುಗಿಯಾಗಿದ್ದಾಗ ಅಣ್ಣಂದಿರು ಒಳಪೆಡಲ್ ಹೊಡೆಯುವುದನ್ನು ಜಗಲಿಯಲ್ಲಿ ನಿಂತು ನೋಡಿದ್ದರಷ್ಟೆ. ಮನೆಯಲ್ಲಿ ಮಗಳಿಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ ಧೂಳು ಹಿಡಿದು ನಿಂತಿತ್ತು. ಅದನ್ನು ಹೊಂಗೆಮರದ ಕೆಳಗಿನ ಅಂಗಡಿಗೆ ತಂದಾಗ ಮೆಕ್ಯಾನಿಕ್ ಯಜಮಾನರು ಗಾಳಿ ಹೊಡೆದು, ಎರಡೂ ಪೆಡಲ್ ಬಿಚ್ಚಿ ಡಬ್ಬಿಗೆ ಹಾಕಿದರು, ಸೀಟು ಪೂರ್ತಿ ತಗ್ಗಿಸಿದರು. ‘ಮೊದಲು ಕಾಲಲ್ಲಿ ನೆಲ ತಳ್ಳಿ ಹೋಗಮ್ಮ. ಸೈಕಲ್ ಎತ್ತ ವಾಲ್ತದೋ ಹ್ಯಾಂಡಲ್ ಅತ್ತಲೇ ತಿರುಗಿಸು.’ ಸೈಕಲ್ ನಿಲ್ಲುವುದರ ಭೌತಶಾಸ್ತ್ರ ಅದೇ. ಬೀಳುವ ಕಡೆಗೆ ತಿರುಗಿಸಿದಾಗ ಚಕ್ರಗಳು ಮೈಭಾರದ ಅಡಿಗೆ ಮತ್ತೆ ಬಂದು ಸೇರುತ್ತವೆ. ಆದರೆ ಮಿದುಳು ಹುಟ್ಟಿನಿಂದ ಕಲಿತದ್ದು ಬೀಳುವ ಕಡೆಯಿಂದ ದೂರ ಎಳೆಯುವುದನ್ನು. ಆ ಹಳೆಯ ಪಾಠ ಅಳಿಸಿ ಹೊಸದು ಬರೆಯಲು ಮಿದುಳಿಗೆ ಕೆಲವು ದಿನ ಬೇಕು, ಹತ್ತಕ್ಕೂ ಬೇಕು, ಐವತ್ತಕ್ಕೂ ಬೇಕು.

ಶಾಲೆಯ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಮಗಳು ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದಳು. ‘ಬಿಡಬೇಡ ಕಣೇ, ಬೀಳ್ತೀನಿ’ ಎಂದು ಅಕ್ಕ ಕೂಗುತ್ತಲೇ ಇದ್ದರು. ಒಂಬತ್ತನೆಯ ದಿನ ಪೆಡಲ್ ಮತ್ತೆ ಹಾಕಿದ್ದರು. ಮಗಳು ಎಂದೋ ಕೈಬಿಟ್ಟು ಗೋಲ್‌ಪೋಸ್ಟಿನ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಕ್ಕ ಅದು ಗೊತ್ತಿಲ್ಲದೆ, ಬಿಡಬೇಡ ಎಂದು ಕೂಗುತ್ತಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈದಾನದ ಆಚೆ ತುದಿಯ ಬೇವಿನಮರದ ತನಕ ಒಬ್ಬರೇ ಹೋಗುತ್ತಿದ್ದರು.